ಸೀನೀರು

ಪಂಚಾಯ್ತಿಯವರು ಕೊಟ್ಟ ನೀಲಿ ಪೆಟ್ಟಿಗಿ,
ಅದರೊಳಗ ಸಣ್ಣ ಸಣ್ಣ ಬಾಟಲಿ, ಒಂದು ಬಣ್ಣದ ಪಟ್ಟಿ.
ಗದಗಿನ್ಯಾಗ ಎರಡು ದಿನ ತರಬೇತಿ,
ಊಟ, ಬಸ್ಸಿನ ಚಾರ್ಜು.
ಮೂರನೇ ದಿನಕ್ಕ ನಾನು, ಸಂಘದ ಸಾವಂತ್ರಿ,
ನೀರಿನ ಬಾಯಿ ಬಿಡಿಸುವಾಕಿ ಆದೆ.

ನಮ್ಮೂರು ಮುಂಡರಗಿ ಕಡೆ.
ಮ್ಯಾಲೆ ಎರಿ, ತಳಕ್ಕ ಹೋದ್ರ ಕಲ್ಲು.
ಊರ ನಡುವ ಹಳೇ ಬಾವಿ, ನೀರು ಸವಳು.
ಬ್ಯಾಳಿ ಬೇಯೂದಿಲ್ಲ, ಚಾ ಒಡೀತೈತಿ,
ಬೀಗರು ಒಂದು ಗುಟುಕು ಕುಡದು
ತಂಬಿಗಿ ದೂರ ಸರಸತಾರ.

ಅದಕ್ಕ ದ್ಯಾವಣ್ಣ ಮಾಸ್ತರು
ರಿಟೈರಾದ ರೊಕ್ಕದಾಗ ಬೋರಿಂಗು ಹೊಡಿಸಿದ್ರು,
ಇನ್ನೂರಾ ನಲವತ್ತು ಫೂಟು, ಅವ್ವನ ಹೆಸರಿಲೆ.
ಮೊದಲ ಕೊಡ ತುಂಬಿದ ದಿನ ಊರೆಲ್ಲಾ ಕುಡದು
ಸೀ ಅಂದ್ರ ಸೀ ಅಂತು,
ಸೀತನಿ ಜಗದಂಗ.
ಪಕ್ಕದಾಗ ಕಲ್ಲು: ಲಿಂಗೈಕ್ಯ ಗುರುಸಿದ್ಧವ್ವನ ನೆನಪಿಗೆ.
ದಿನಾ ಮುಂಜಾನೆ ಮಾಸ್ತರು ಆ ಕಲ್ಲು ಒರಸತಾರ
ತಮ್ಮ ಹೆಗಲ ಟವೆಲ್ಲಿಲೆ.

ಫ್ಲೋರೈಡ್ ನೋಡೂದು ಹಿಂಗ:
ಕೊಳವಿಯೊಳಗ ಗೆರಿ ಮಟ ನೀರು,
ಐದು ಹನಿ ಕೆಂಪು ಔಷಧ,
ಅಲುಗಿಸಿ ಸುಮ್ಮನ ಕುಂಡ್ರಬೇಕು.
ಕುಂಕುಮದ ಬಣ್ಣ ಉಳೀತೋ, ಕುಡೀರಿ.
ಅರಿಶಿನಕ್ಕ ತಿರುಗಿತೋ, ಬ್ಯಾಡ.

ನಾವು ಹೆಣ್ಮಕ್ಕಳು
ಕುಂಕುಮ ಅರಿಶಿನ ಬ್ಯಾರೆ ಮಾಡಿದವರಲ್ಲ,
ಒಂದೇ ಭರಣಿಯ ಎರಡು ಗೂಡು ಅವು.
ಅವತ್ತು ಮಾತ್ರ ಕೊಳವಿ ಹಿಡದು ಬೇಡಿದೆ
ಕೆಂಪಗಿರು, ನಮ್ಮವ್ವ, ಕೆಂಪಗಿರು.

ಇರಲಿಲ್ಲ.
ಕೊಳವಿ ಹೊಲಸಿರಬೇಕಂತ ತೊಳದು ಮತ್ತ ಮಾಡಿದೆ.
ನನ್ನ ಕೈಗುಣ ಇರಬೇಕಂತ ಮೂರನೇ ಸಲ
ಸಾಲಿ ಹುಡುಗನ ಕೈಲೆ ಹನಿ ಹಾಕಿಸಿದೆ.
ಮದವಿ ಹಂದರದಾಗಿನ ಅರಿಶಿನ ನೀರಿನಂಗ
ಅಷ್ಟು ಚಂದ ಹಳದಿ.
ಸವಳು ಬಾವೀದು ಮಾತ್ರ ಪಟ್ಟಿ ತುದಿಗೆ
ಕೆಂಪಗ ಕುಂತಿತ್ತು,
ಯಾರೂ ಮಾತಾಡಸಲಾರದ ಅತ್ತಿಯಂಗ.

ಹನಮವ್ವನ ಸೊಂಟ ಬಾಗಿದ್ದಕ್ಕ ವಾತ ಅಂದಿದ್ವಿ.
ಬುಡನ್‌ಸಾಬ ಮೊಣಕಾಲು ಮಡಚಲಾರದ
ನಮಾಜಿಗೆ ಕುರ್ಚಿ ತರಿಸಿದಾಗ
ವಯಸ್ಸು ಅಂದಿದ್ವಿ. ಅವಗ ನಲವತ್ತಾರು.
ಮತ್ತ ನನ್ನ ಮಗಳು ಅರ್ಪಿತಾ.
ಹಲ್ಲಿನ ಮ್ಯಾಲೆ ಕಂದು ಗೆರಿ.
ತಿಕ್ಕೂದಿಲ್ಲ ನೀನು ಅಂತ ಎಷ್ಟು ಬಡದೀನಿ ಅಕಿನ್ನ.
ಇದ್ದಲಿ, ಉಪ್ಪು, ಬೇವಿನ ಕಡ್ಡಿ.
ವಸಡಿನ್ಯಾಗ ರಗತ ಬಂದ್ರೂ ಗೆರಿ ಹೋಗಲಿಲ್ಲ.
ಫೋಟೋದಾಗ ಅಕಿ ತುಟಿ ಮುಚ್ಚೇ ನಗತಾಳ.
ರಗತ ಉಗುಳಿದ ಬಾಯಿ ಮುಕ್ಕಳಿಸಿದ್ದೂ
ಅದೇ ನೀರಿಲೆ. ತಂಬಿಗಿ ಹಿಡದಿದ್ದು ನಾನೇ.

ಪಿಡಿಓ ಸಾಹೇಬ್ರು ಕೆಂಪು ಬಣ್ಣದ ಡಬ್ಬಿ ಕಳಿಸಿದ್ರು.
ಮಾಸ್ತರು ಜಗಳಕ್ಕ ಬರತಾರ ಅಂದ್ರು ಮಂದಿ.
ಅವರು ಬಂದು ಕೊಳವಿ ಕೇಳಿದ್ರು,
ಚಾಳೀಸು ಒರಸಿ ಬಿಸಿಲಿಗೆ ಹಿಡದ್ರು,
ತಾವೇ ಪಟ್ಟಿಗೆ ಹಚ್ಚಿ ನೋಡಿದ್ರು
ನಾಪಾಸಾದ ಹುಡುಗನ ಪೇಪರು
ಮತ್ತೊಮ್ಮೆ ಕೂಡಿಸಿ ನೋಡಿದಂಗ.
'ಹನ್ನೆರಡು ವರ್ಷಾತು' ಅಂದ್ರು. ಅಷ್ಟೇ.

ಬ್ರಷ್ಷು ಅವರೇ ತಗೊಂಡ್ರು.
ಕಂಬ, ಮೂತಿ, ಹಿಡಿಕಿ, ಎಲ್ಲಾ ಕೆಂಪು.
ಕಲ್ಲಿನ ಹತ್ರ ಬಂದು ಕೈ ನಿಂತಿತು.
'ಹೆಸರಿನ ಮ್ಯಾಲೆ ಹಚ್ಚಲೇನು, ಸಾವಂತ್ರಿ?'

ಏಳನೇತ್ತಾ ಎರಡು ಸಲ ಕುಂತಾಕಿ ನಾನು.
ಮಾಸ್ತರು ಕೇಳಿದ್ದಕ್ಕ ಉತ್ತರ ಗೊತ್ತಿದ್ದದ್ದು
ಇದೇ ಮೊದಲು.
'ಬ್ಯಾಡ್ರಿ ಸರ. ಹೆಸರು ಇರಲಿ. ಕೆಳಗ ಬರೀರಿ.'

ಬರದ್ರು, ಕರಿಹಲಗಿ ಮ್ಯಾಲಿನ ಅದೇ ದುಂಡನ್ನ ಅಕ್ಷರ:
ಲಿಂಗೈಕ್ಯ ಗುರುಸಿದ್ಧವ್ವನ ನೆನಪಿಗೆ
ಬಟ್ಟೆ ಒಗೆಯಲು ಮಾತ್ರ.
ಯಾರೋ ಕಿಸಕ್ಕನ ನಕ್ಕರು.
ಮಾಸ್ತರೂ ನಕ್ಕರು, ಆಮ್ಯಾಲೆ.

ರಾತ್ರಿ ಒಣಗಿರಲಿಲ್ಲ ಬಣ್ಣ.
ಮುಂಜಾನೆ ನೋಡಿದ್ರ ಹಿಡಿಕಿ ಮ್ಯಾಲೆ
ನಾಕು ಬೆರಳಿನ ಗುರುತು.
ಹಳೇ ಬಾವಿ ಕಟ್ಟಿಗೆ ಕೊಡ ತಂದ ಹೆಂಗಸರು
ಒಬ್ಬರ ಅಂಗೈ ಒಬ್ಬರು ಕದ್ದು ನೋಡಿದ್ರು.
ಕೆಂಪಿದ್ದಾಕಿನ್ನ ನಾನು ಕಂಡೆ.
ಅಕಿ ಸೆರಗಿನ್ಯಾಗ ಕೈ ಮುಚ್ಚಿದಳು.

ಏನಂತ ಅನ್ನಲಿ,
ನನ್ನ ಮನೀ ಗಡಿಗಿ ತಳದಾಗೂ
ಇನ್ನಾ ಎರಡು ತಂಬಿಗಿ
ಸೀನೀರು ಉಳದಿತ್ತು.